ಜಾವಾದ ಹಳ್ಳಿಯಲ್ಲಿ ಮನೆ ಮಾಡಬೇಕೆಂದಿದ್ದರೆ: ಯಾವ ಊರು, ಯಾವ ಕಾಗದ, ಯಾವ ದಾರಿ

ಇಂಡೊನೇಷ್ಯಾದ ಜಾವಾ ದ್ವೀಪದ ಗುನುಂಗ್ ಕಿದುಲ್ ಜಿಲ್ಲೆಯ ಆ ಮನೆಯನ್ನು ನಾವು ನೋಡಿದ್ದು ಫೆಬ್ರುವರಿಯಲ್ಲಿ. ಮುಂದೆ ಮುಸುಕಿನ ಜೋಳ, ಹಿಂದೆ ತೇಗ, ಎಲ್ಲಿ ನೋಡಿದರೂ ಹಸಿರು. ಬಾಡಿಗೆಯೂ ಕಡಿಮೆ. ಮನೆಯ ಯಜಮಾನಿ ಚಹಾದ ಜೊತೆ ಕರಿದ ಮರಗೆಣಸು ಕೊಟ್ಟರು. ಅಲ್ಲೇ ಒಪ್ಪಿಕೊಂಡು ಒಂದು ವರ್ಷದ ದುಡ್ಡು ಒಟ್ಟಿಗೆ ಕೊಟ್ಟು ಬಂದೆವು. ಆಗಸ್ಟ್ ಹೊತ್ತಿಗೆ ತೊಟ್ಟಿಯ ತಳ ಕಂಡಿತು. ಸೆಪ್ಟೆಂಬರಿನಲ್ಲಿ ಟ್ಯಾಂಕರ್ ನೀರು ಹಾಕಿಸಿಕೊಂಡೆವು. ಮಗಳ ತಲೆಗೆ ನೀರು ಹಾಕುವಾಗಲೂ ಚೊಂಬು ಎಣಿಸಿದ್ದೇನೆ.

ನಾನು ಮದ್ದೂರಿನ ಕಡೆಯವಳು. ವಿ.ಸಿ. ನಾಲೆಯ ನೀರು ನೋಡಿಕೊಂಡೇ ಬೆಳೆದವಳು. ಆದರೂ ನೀರು ಎಲ್ಲಿಂದ ಬರುತ್ತದೆ ಎಂದು ಕೇಳದೆ ಮನೆ ಹಿಡಿದೆ. ಆ ವರ್ಷ ಮುಗಿದ ಮೇಲೆ ಕ್ಲಾತೆನ್ ಜಿಲ್ಲೆಯ ಭತ್ತದ ಬಯಲಿನ ಒಂದು ಹಳ್ಳಿಗೆ ಬಂದೆವು. ಗಂಡನ ಕೆಲಸ ಹತ್ತಿರದ ಯೋಗ್ಯಕರ್ತ ಪೇಟೆಯಲ್ಲಿ. ಹಾಗಾಗಿ ನಡು ಜಾವಾದ ಈ ಭಾಗವೇ ನನಗೆ ಚೆನ್ನಾಗಿ ಗೊತ್ತು, ಬರೆಯುವುದೂ ಇದರ ಬಗ್ಗೆಯೇ.

ನನ್ನನ್ನು ಕೇಳುವವರಲ್ಲಿ ಮೂರು ಥರದವರಿದ್ದಾರೆ. ಕೆಲವು ವಾರ ಹಳ್ಳಿಯಲ್ಲಿದ್ದು ನೋಡಬೇಕು ಅನ್ನುವವರು. ಕೆಲಸದ ಮೇಲೆ ಬಂದು ಪೇಟೆಯ ಬದಲು ಹಳ್ಳಿಯಲ್ಲಿ ಮನೆ ಹಿಡಿಯಬೇಕು ಅನ್ನುವವರು. ಇಲ್ಲಿಯವರನ್ನು ಮದುವೆಯಾಗಿ ಜಮೀನಿನ ಯೋಚನೆ ಮಾಡುತ್ತಿರುವವರು. ಮೂವರಿಗೂ ನಾನು ಹೇಳುವ ಕ್ರಮ ಒಂದೇ. ಮೊದಲು ನೀರು ನೋಡಿ. ಆಮೇಲೆ ನೆರೆಹೊರೆ. ಆಮೇಲೆ ಕಾಗದ. ಮನೆಯ ಅಂದಚೆಂದ ಎಲ್ಲಕ್ಕಿಂತ ಕೊನೆಗೆ.

ಬಯಲು, ಬೆಟ್ಟದ ಇಳಿಜಾರು, ಸುಣ್ಣಕಲ್ಲಿನ ಒಣನೆಲ

ಜಾವಾ ಎಂದರೆ ಎಲ್ಲ ಕಡೆ ಒಂದೇ ಥರದ ಗದ್ದೆ ಎಂದುಕೊಳ್ಳುತ್ತೇವೆ. ಹಾಗಲ್ಲ. ಈ ದ್ವೀಪದ ವಿಸ್ತಾರ ಕರ್ನಾಟಕದ ಮೂರರಲ್ಲಿ ಎರಡು ಪಾಲು. ಜನ ಮಾತ್ರ 2020ರ ಗಣತಿಯಲ್ಲಿ 15 ಕೋಟಿ ದಾಟಿದ್ದರು. ಅಷ್ಟು ಜನಕ್ಕೆ ಅನ್ನ ಕೊಡುವುದು ಜ್ವಾಲಾಮುಖಿಯ ಬೂದಿ ಬಿದ್ದು ಫಲವತ್ತಾದ ಮಣ್ಣು ಮತ್ತು ಬೆಟ್ಟದ ಬುಡದಲ್ಲಿ ಉಕ್ಕುವ ನೀರು. ಇವೆರಡೂ ಎಲ್ಲ ಊರಿಗೂ ಸಮನಾಗಿ ಸಿಕ್ಕಿಲ್ಲ.

ಬಯಲೆಂದರೆ ಕ್ಲಾತೆನ್, ಸ್ಲೆಮನ್‌ನ ತಗ್ಗಿನ ಭಾಗ, ಬಂತುಲ್, ಎಲ್ಲ ಯೋಗ್ಯಕರ್ತದ ಸುತ್ತಲಿನ ಜಿಲ್ಲೆಗಳು. ಮೆರಾಪಿ ಎಂಬ ಜ್ವಾಲಾಮುಖಿ ಬೆಟ್ಟದ ಮೇಲೆ ಬಿದ್ದ ಮಳೆ ಮಣ್ಣಿನೊಳಗೆ ಇಳಿದು ಕ್ಲಾತೆನ್ ಬಯಲಿನಲ್ಲಿ ಬುಗ್ಗೆಯಾಗಿ ಮೇಲೆ ಬರುತ್ತದೆ. ಇದಕ್ಕೆ ಉಂಬುಲ್ ಎನ್ನುತ್ತಾರೆ. ಪೊಂಗ್ಗೊಕ್ ಊರಿನ ಉಂಬುಲ್ ಈಗ ಪ್ರವಾಸಿಗರು ನೀರಿನೊಳಗೆ ಇಳಿದು ಫೋಟೋ ತೆಗೆಸಿಕೊಳ್ಳುವ ಜಾಗವಾಗಿ ಹೆಸರುವಾಸಿ. ಸ್ಲೆಮನ್‌ಗೆ ಸೆಲೋಕನ್ ಮಾತರಾಮ್ ಎಂಬ ಕಾಲುವೆಯಿದೆ. ಜಪಾನೀಯರ ಆಳ್ವಿಕೆಯ ಕಾಲದಲ್ಲಿ ತೋಡಿದ್ದು. ಪ್ರೊಗೊ ನದಿಯನ್ನೂ ಒಪಾಕ್ ನದಿಯನ್ನೂ ಸೇರಿಸುತ್ತದೆ. ಇಂಥ ಕಡೆ ನೀರು ಸರಿಯಾಗಿ ಸಿಕ್ಕರೆ ವರ್ಷಕ್ಕೆ ಮೂರು ಬೆಳೆ. ಎರಡು ಭತ್ತದ ಮೇಲೆ ಒಂದು ಮುಸುಕಿನ ಜೋಳ ಅಥವಾ ಸೋಯಾ, ಇಲ್ಲವೇ ಮೂರೂ ಭತ್ತ.

ಮಂಡ್ಯ ಕಡೆಯವರಿಗೆ ಬಯಲಿನ ಹಳ್ಳಿ ಬೇಗ ಅರ್ಥವಾಗುತ್ತದೆ. ನಮ್ಮ ನೀರುಗಂಟಿಯ ಕೆಲಸವನ್ನು ಇಲ್ಲಿ ಉಲು-ಉಲು ಮಾಡುತ್ತಾರೆ. ಯಾವ ತೂಬು ಯಾವಾಗ ಎತ್ತಬೇಕು, ಕೊನೆಯ ಗದ್ದೆಗೆ ನೀರು ಮುಟ್ಟಿತೋ ಇಲ್ಲವೋ ಎಂದು ನೋಡುವವರು ಅವರೇ. ವಾರಕ್ಕೆ ಗದ್ದೆ ಮಾಡುವುದಕ್ಕೆ ಇಲ್ಲಿ ಮಾರೊ ಅನ್ನುತ್ತಾರೆ, ಒಡೆಯನಿಗೆ ಅರ್ಧ, ಮಾಡಿದವನಿಗೆ ಅರ್ಧ. ಬೆಳೆದು ನಿಂತ ಪೈರನ್ನು ಗದ್ದೆಯಲ್ಲೇ ವ್ಯಾಪಾರಿಗೆ ಗುತ್ತಾಗಿ ಮಾರಿಬಿಡುವ ಪದ್ಧತಿಯೂ ಇದೆ, ಅದರ ಹೆಸರು ತೆಬಾಸನ್. ಹೆಚ್ಚಿನವರ ಹಿಡುವಳಿ ತೀರಾ ಚಿಕ್ಕದು. ಅರ್ಧ ಹೆಕ್ಟೇರ್‌ಗಿಂತ ಕಡಿಮೆ ಇರುವ ರೈತನಿಗೆ ಇಲ್ಲಿ ಪೆತಾನಿ ಗುರೆಮ್ ಎಂಬ ಹೆಸರೇ ಇದೆ. ಒಂದು ಎಕರೆಯಲ್ಲಿ ಬದುಕು ನಡೆಸುವುದೆಂದರೇನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬಯಲಿನ ಕಷ್ಟಗಳನ್ನೂ ಹೇಳಬೇಕು. ಸೆಖೆ ಜಾಸ್ತಿ. ಗದ್ದೆ ಪಕ್ಕದ ಮನೆಗೆ ಸೊಳ್ಳೆ, ಇಲಿ, ಕೆಲವೊಮ್ಮೆ ಹಾವು. ಕುಯ್ಲು ಮುಗಿದ ಮೇಲೆ ಹುಲ್ಲು ಸುಡುವ ಹೊಗೆ. ಆಸ್ತಮಾ ಇರುವವರು ಇದನ್ನು ಯೋಚಿಸಲೇಬೇಕು.

ಬೆಟ್ಟದ ಇಳಿಜಾರಿನ ಊರುಗಳ ಲೆಕ್ಕ ಬೇರೆ. ಮೆರಾಪಿಯ ದಕ್ಷಿಣದ ತುರಿ ಕಡೆ ಸಲಾಕ್ ಹಣ್ಣಿನ ತೋಟ, ತೆಮಂಗ್ಗುಂಗ್‌ನಲ್ಲಿ ಹೊಗೆಸೊಪ್ಪು, ಸುಮಾರು 2,000 ಮೀಟರ್ ಎತ್ತರದ ದಿಯೆಂಗ್‌ನಲ್ಲಿ ಆಲೂಗೆಡ್ಡೆ. ದಿಯೆಂಗ್‌ನಲ್ಲಿ ಜುಲೈ, ಆಗಸ್ಟ್ ರಾತ್ರಿಗಳಲ್ಲಿ ನೀರು ಮಂಜುಗಟ್ಟುವಷ್ಟು ಚಳಿ. ಹವೆಗೆ ಸೋತು ಅಲ್ಲಿ ಮನೆ ಹುಡುಕುವವರು ಬಹಳ. ಆದರೆ ಮೆರಾಪಿ ಸುಮ್ನೆ ನಿಂತ ಬೆಟ್ಟವಲ್ಲ. 2010ರ ಅಕ್ಟೋಬರ್, ನವೆಂಬರ್‌ನಲ್ಲಿ ಸಿಡಿದಾಗ 350ಕ್ಕಿಂತ ಹೆಚ್ಚು ಜನ ಸತ್ತರು. ಬೆಟ್ಟದ ಕಾವಲುಗಾರರೆಂದು ಹೆಸರಾಗಿದ್ದ ಅಜ್ಜ ಮರಿಜಾನ್ ಕೂಡ ಅವರಲ್ಲಿ ಒಬ್ಬರು. ಅಪಾಯದ ವಲಯಗಳನ್ನು ಗುರುತಿಸಿದ ಸರ್ಕಾರಿ ನಕ್ಷೆ ಇದೆ. ಮೂರನೇ ವಲಯ ತುದಿಗೆ ಎಲ್ಲಕ್ಕಿಂತ ಹತ್ತಿರದ್ದು. ಅಲ್ಲಿ ಎಷ್ಟೇ ಸೊಗಸಾದ ಮನೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ವಾರಕ್ಕೆ ಮೀರಿ ಇರುವವರು ಊರಿನಿಂದ ಇಳಿಯುವ ದಾರಿ ಯಾವುದು, ಎಲ್ಲಿ ಸೇರಬೇಕು ಎಂದು ಮೊದಲ ದಿನವೇ ಕೇಳಿಕೊಳ್ಳಿ.

ಮೂರನೆಯದು ನಾನು ಹೇಳಿದ ಗುನುಂಗ್ ಕಿದುಲ್. ಅದು ಸುಣ್ಣಕಲ್ಲಿನ ನೆಲ. ಮಳೆ ಚೆನ್ನಾಗಿಯೇ ಬರುತ್ತದೆ, ಆದರೆ ನೀರು ಮೇಲೆ ನಿಲ್ಲುವುದಿಲ್ಲ, ಬಿರುಕುಗಳಲ್ಲಿ ಇಳಿದು ನೆಲದಡಿಯ ನದಿಗಳಿಗೆ ಸೇರುತ್ತದೆ. ಬ್ರಿಬಿನ್ ಎಂಬಲ್ಲಿ ಅಂಥ ನದಿಯಿಂದಲೇ ನೀರೆತ್ತುತ್ತಾರೆ. ಅಲ್ಲಿನ ಹಳೆಯ ಊಟ ಅಕ್ಕಿಯದಲ್ಲ, ಒಣಗಿಸಿದ ಮರಗೆಣಸಿನ ಹಿಟ್ಟಿನಿಂದ ಮಾಡಿದ ತಿವುಲ್. ನಮ್ಮ ಮುದ್ದೆಯ ಹಾಗೆಯೇ ಒಂದು ಕಾಲದಲ್ಲಿ ಬಡವರ ಊಟ ಅನ್ನಿಸಿಕೊಂಡು ಈಗ ಅಭಿಮಾನದ ಊಟವಾಗಿದೆ. ಜನ ತುಂಬಾ ಒಳ್ಳೆಯವರು. ಟ್ಯಾಂಕರ್ ಬರುವುದು ತಡವಾದಾಗ ಪಕ್ಕದ ಮನೆಯ ಅಜ್ಜಿ ತಮ್ಮ ತೊಟ್ಟಿಯಿಂದ ಎರಡು ಬಕೆಟ್ ನೀರು ತಂದು ನಮ್ಮ ಬಾಗಿಲಲ್ಲಿಟ್ಟು ಹೋಗಿದ್ದನ್ನು ನಾನು ಮರೆಯುವುದಿಲ್ಲ.

ಹೋಲಿಸಿ ಹೇಳುವುದಾದರೆ ಹೀಗೆ. ವರ್ಷಪೂರ್ತಿ ಇರುವವರಿಗೆ, ಮಕ್ಕಳಿರುವವರಿಗೆ ಬಯಲು. ಒಂದೆರಡು ತಿಂಗಳಿಗೆ ಇಳಿಜಾರು. ಗುನುಂಗ್ ಕಿದುಲ್‌ಗೆ ಮಳೆಗಾಲದ ನವೆಂಬರ್‌ನಿಂದ ಏಪ್ರಿಲ್ ಒಳಗೆ ಹೋಗಿ. ಅಲ್ಲಿ ವರ್ಷಕ್ಕೆ ಮನೆ ಹಿಡಿಯುವುದಾದರೆ ಮಳೆನೀರಿನ ತೊಟ್ಟಿ ಎಷ್ಟು ದೊಡ್ಡದು, ಕೊಳವೆ ನೀರು ಬರುತ್ತದೆಯೋ ಇಲ್ಲವೋ ನೋಡಿಯೇ ಹಿಡಿಯಿರಿ.

ಹೋಂಸ್ಟೇ, ವರ್ಷದ ಬಾಡಿಗೆ, ಜಮೀನು

ಕೆಲವು ವಾರಕ್ಕೆ ಬರುವವರಿಗೆ ಹೋಂಸ್ಟೇ ಸಾಕು. ಇಲ್ಲಿ ದೆಸ ವಿಸಾತ ಎಂಬ ಏರ್ಪಾಡಿದೆ, ಪ್ರವಾಸಿ ಹಳ್ಳಿ ಎಂದು ಅರ್ಥ. ದೆಸ ಅಂದರೆ ನಮ್ಮ ದೇಶ ಎಂಬ ಪದವೇ, ಇಲ್ಲಿ ಅದಕ್ಕೆ ಹಳ್ಳಿ ಎಂದು ಅರ್ಥ. ಗುನುಂಗ್ ಕಿದುಲ್‌ನ ಎಂಗ್ಲಂಗ್ಗೆರನ್, ಸ್ಲೆಮನ್‌ನ ಪೆಂತಿಂಗ್ಸಾರಿ, ಬೊರೊಬುದುರ್ ಹತ್ತಿರದ ಚಂದಿರೆಜೊ ಇಂಥವು. ಎಂಗ್ಲಂಗ್ಗೆರನ್‌ಗೆ 2021ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯ ಉತ್ತಮ ಪ್ರವಾಸಿ ಹಳ್ಳಿ ಎಂಬ ಮನ್ನಣೆ ಸಿಕ್ಕಿತು. ಊರಿನವರ ಮನೆಯಲ್ಲೇ ಒಂದು ಕೋಣೆ, ಅವರದೇ ಊಟ. ಇಷ್ಟವಿದ್ದರೆ ನಾಟಿಗೂ ಇಳಿಯಬಹುದು. ಒಂದು ವಿಷಯ ತಿಳಿದಿರಲಿ. ಅಲ್ಲಿ ಕಾಣುವುದು ಅತಿಥಿಗೆ ಸಿದ್ಧವಾಗಿರುವ ಹಳ್ಳಿ. ಕುಣಿತ, ಎತ್ತಿನ ಗಾಡಿ ಎಲ್ಲ ಚೆನ್ನ. ಆದರೆ ವರ್ಷ ಇರಬೇಕು ಅಂದುಕೊಂಡವರು ಅದನ್ನು ನೋಡಿ ತೀರ್ಮಾನ ಮಾಡಬೇಡಿ.

ಬಾಡಿಗೆಗೆ ಇಲ್ಲಿ ಕೊಂತ್ರಾಕ್ ಎನ್ನುತ್ತಾರೆ. ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಇಲ್ಲ. ಬದಲಿಗೆ ಇಡೀ ವರ್ಷದ ಬಾಡಿಗೆಯನ್ನು ಮೊದಲೇ ಕೊಡುವುದು ರೂಢಿ. ಎರಡು ವರ್ಷದ್ದು ಒಟ್ಟಿಗೆ ಕೊಟ್ಟರೆ ಸ್ವಲ್ಪ ಇಳಿಸುತ್ತಾರೆ. ನಾನು ಬೇಡ ಅನ್ನುತ್ತೇನೆ. ಕೊಟ್ಟ ದುಡ್ಡು ವಾಪಸ್ ಬರುವುದು ಕಷ್ಟ, ನೀರು ಸರಿಯಿಲ್ಲ ಎಂದು ಎದ್ದು ಹೋಗುವ ಹಾಗೂ ಇಲ್ಲ. ಮೊದಲು ಆರು ತಿಂಗಳು ಕೇಳಿ ನೋಡಿ. ಒಪ್ಪದಿದ್ದರೆ ಒಂದು ವರ್ಷ, ಅದಕ್ಕಿಂತ ಜಾಸ್ತಿ ಬೇಡ. ಒಪ್ಪಂದವನ್ನು ಇಂಡೊನೇಷ್ಯಾದ ಭಾಷೆಯಲ್ಲಿ ಬರೆಸಿ, ಮುದ್ರಾಂಕದ ಚೀಟಿ ಅಂಟಿಸಿ, ಸಾಕ್ಷಿಗೆ ಕೇರಿಯ ಮುಖ್ಯಸ್ಥರ ಸಹಿ ಹಾಕಿಸಿ. ಬಾವಿಯ ಪಂಪ್ ಕೆಟ್ಟರೆ ಖರ್ಚು ಯಾರದು ಎಂದು ಅದರಲ್ಲೇ ಬರೆಸಬೇಕು.

ಮನೆ ನೋಡುವಾಗ ಕರೆಂಟ್ ಮೀಟರ್ ಕೂಡ ನೋಡಿ. ತುಂಬಾ ಹಳ್ಳಿ ಮನೆಗಳಲ್ಲಿ ಸಂಪರ್ಕ 900 ವಿಎ ಮಾತ್ರ. ನೀರಿನ ಪಂಪ್ ನಡೆಯುವಾಗ ಇಸ್ತ್ರಿಪೆಟ್ಟಿಗೆ ಹಾಕಿದರೆ ಮನೆಯೆಲ್ಲ ಕತ್ತಲೆ. ಮುಂಗಡ ದುಡ್ಡು ಕಟ್ಟಿ ಇಪ್ಪತ್ತು ಅಂಕಿಯ ಸಂಖ್ಯೆಯನ್ನು ಮೀಟರಿಗೆ ಒತ್ತುವ ಪದ್ಧತಿ, ಅದಕ್ಕೆ ತೋಕೆನ್ ಎನ್ನುತ್ತಾರೆ. ಬಚ್ಚಲು ನಮಗೆ ಹೊಸದಲ್ಲ. ತೊಟ್ಟಿ, ಚೊಂಬು, ಕೂರುವ ಕಕ್ಕಸು, ಎಲ್ಲ ನಮ್ಮ ಊರಿನಂತೆಯೇ.

ಇನ್ನು ಜಮೀನು. ಇಲ್ಲಿ ನಿಧಾನವಾಗಿ ಓದಿ, ಏಕೆಂದರೆ ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ಇಂಡೊನೇಷ್ಯಾದ ಮೂಲ ಭೂಕಾಯ್ದೆ 1960ರ ಸೆಪ್ಟೆಂಬರ್ 24ರಂದು ಬಂತು. ಆ ದಿನವನ್ನು ಇಂದಿಗೂ ರೈತರ ದಿನವಾಗಿ ಆಚರಿಸುತ್ತಾರೆ. ಅದರ ಪ್ರಕಾರ ಪೂರ್ಣ ಒಡೆತನ, ಅಂದರೆ ಹಕ್ ಮಿಲಿಕ್, ಇಂಡೊನೇಷ್ಯಾದ ಪ್ರಜೆಗೆ ಮಾತ್ರ. ವಿದೇಶಿಯರಿಗೆ ಮಾರಿದರೆ ಆ ಮಾರಾಟವೇ ಅಸಿಂಧು, ಜಮೀನು ಸರ್ಕಾರಕ್ಕೆ ಹೋಗುತ್ತದೆ. ಪಿತ್ರಾರ್ಜಿತವಾಗಿ ಬಂದರೂ ಒಂದು ವರ್ಷದೊಳಗೆ ಬಿಟ್ಟುಕೊಡಬೇಕು. ಇದು ನಮಗೆ ವಿಚಿತ್ರ ಅನ್ನಿಸಬೇಕಾಗಿಲ್ಲ. ನಮ್ಮ ಕರ್ನಾಟಕದಲ್ಲೂ 2020ರ ತಿದ್ದುಪಡಿಯವರೆಗೆ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವ ಹಾಗಿರಲಿಲ್ಲ. ಉಳುವವನ ಕೈಯಲ್ಲಿ ನೆಲ ಉಳಿಯಲಿ ಎಂಬ ಕಾಳಜಿ ಎರಡೂ ಕಡೆ ಇತ್ತು. ಇಲ್ಲಿ ಇನ್ನೊಂದು ನಿಯಮವೂ ಇದೆ. ಗದ್ದೆಯ ಒಡೆಯ ಅದೇ ಕೆಚಮಾತನ್‌ನಲ್ಲಿ ವಾಸವಿರಬೇಕು. ಕೆಚಮಾತನ್ ಅಂದರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕಿನ ಜಾಗ. 1961ರಿಂದಲೇ ಇರುವ ನಿಯಮ ಇದು. ಜಕಾರ್ತದಲ್ಲಿ ಕೂತು ಹಳ್ಳಿ ಗದ್ದೆ ಕೊಳ್ಳುವುದನ್ನು ತಡೆಯಲೆಂದೇ ಮಾಡಿದ್ದು.

ಹಾಗಾದರೆ ದಾರಿಗಳೇನು? ಒಂದು, ಹಕ್ ಪಕಾಯ್, ಬಳಸುವ ಹಕ್ಕು. 2021ರ ನಿಯಮದ ಪ್ರಕಾರ ಮೊದಲು 30 ವರ್ಷ, ಮುಂದುವರಿಸಿದರೆ 20, ಹೊಸದು ಮಾಡಿಸಿದರೆ ಮತ್ತೆ 30. ವಾಸದ ಪರವಾನಗಿ ಇರುವ ವಿದೇಶಿಯರು ಈ ಹಕ್ಕಿನಲ್ಲಿ ಮನೆ ಹೊಂದಬಹುದು. ಆದರೆ ಪ್ರಾಂತ್ಯಕ್ಕೊಂದು ಕನಿಷ್ಠ ಬೆಲೆ ನಿಗದಿಯಾಗಿದೆ, ಅದು ಸಾಮಾನ್ಯ ಹಳ್ಳಿ ಮನೆಯ ಬೆಲೆಗಿಂತ ಎಷ್ಟೋ ಮೇಲೆ. ಹಾಗಾಗಿ ಹಳ್ಳಿಯ ಮಟ್ಟಿಗೆ ಇದು ಕಾಗದದ ಮೇಲಿನ ದಾರಿ. ಎರಡು, ದೀರ್ಘ ಗುತ್ತಿಗೆ, ನೋಟರಿಯ ಮುಂದೆ ಬರೆಸಿದ್ದು. ಮೂರು, ಇಂಡೊನೇಷ್ಯಾದ ಗಂಡ ಅಥವಾ ಹೆಂಡತಿಯ ಹೆಸರಿನಲ್ಲಿ. ಇದರಲ್ಲೂ ಒಂದು ತೊಡಕಿದೆ. ಮದುವೆಯಾದ ಮೇಲೆ ಕೊಂಡದ್ದು ಇಬ್ಬರ ಆಸ್ತಿ ಎಂದು ಕಾನೂನು ನೋಡುವುದರಿಂದ, ಆಸ್ತಿ ಬೇರೆ ಬೇರೆ ಎಂಬ ಕರಾರು ಇಲ್ಲದಿದ್ದರೆ ಆ ಪ್ರಜೆಗೂ ಹಕ್ ಮಿಲಿಕ್ ಸಿಗುವುದಿಲ್ಲ. ಮೊದಲು ಈ ಕರಾರನ್ನು ಮದುವೆಗೆ ಮುಂಚೆಯೇ ಮಾಡಬೇಕಿತ್ತು. 2016ರ ಅಕ್ಟೋಬರಿನಲ್ಲಿ ಸಂವಿಧಾನ ನ್ಯಾಯಾಲಯ ಮದುವೆಯ ನಂತರವೂ ಮಾಡಬಹುದು ಎಂದಿತು. ಎಷ್ಟೋ ಕುಟುಂಬಗಳು ಆವತ್ತು ನೆಮ್ಮದಿಯ ಉಸಿರು ಬಿಟ್ಟವು.

ನಾಲ್ಕನೆಯ ದಾರಿಯನ್ನು ಯಾರಾದರೂ ನಿಮ್ಮ ಕಿವಿಯಲ್ಲಿ ಹೇಳಿಯೇ ಹೇಳುತ್ತಾರೆ. ಊರಿನ ಒಬ್ಬರ ಹೆಸರಿನಲ್ಲಿ ಕೊಳ್ಳಿ, ಒಳಗೊಳಗೆ ಒಂದು ಪತ್ರ ಮಾಡಿಕೊಳ್ಳಿ ಅಂತ. ಬೇನಾಮಿ ಇದು. ಕಾನೂನಿನ ಕಣ್ಣಲ್ಲಿ ಆ ಪತ್ರಕ್ಕೆ ಬೆಲೆಯಿಲ್ಲ. ಆ ಮನುಷ್ಯ ಎಷ್ಟೇ ಒಳ್ಳೆಯವರಾಗಿದ್ದರೂ ಅವರ ನಂತರ ಅವರ ಮಕ್ಕಳಿದ್ದಾರೆ, ಅಣ್ಣತಮ್ಮಂದಿರಿದ್ದಾರೆ. ದಯವಿಟ್ಟು ಬೇಡ.

ಕಾಗದಗಳ ವಿಷಯದಲ್ಲಿ ನಮ್ಮ ಅನುಭವ ಕೆಲಸಕ್ಕೆ ಬರುತ್ತದೆ. ಹಳ್ಳಿ ಕಚೇರಿಯಲ್ಲಿ ಲೆತ್ತರ್ ಸಿ ಎಂಬ ಪುಸ್ತಕವಿದೆ. ಅದರ ಆಧಾರದ ಮೇಲೆ ಜನರ ಕೈಯಲ್ಲಿರುವ ಚೀಟಿಗಳಿಗೆ ಗಿರಿಕ್, ಪೆತೊಕ್ ಎಂದು ಹೆಸರು. ಇವು ಕಂದಾಯದ ದಾಖಲೆ, ಹೆಚ್ಚುಕಡಿಮೆ ನಮ್ಮ ಪಹಣಿಯ ಹಾಗೆ. ಒಡೆತನದ ಪುರಾವೆ ಅಲ್ಲ. 2021ರ ನಿಯಮ ಇವನ್ನೆಲ್ಲ ಐದು ವರ್ಷದೊಳಗೆ ನೋಂದಾಯಿಸಬೇಕು ಎಂದು ಗಡುವು ಕೊಟ್ಟಿತು. ಆಮೇಲೆ ಇವು ಬರೀ ಸೂಚನೆಯ ಕಾಗದ. ಗಟ್ಟಿ ಕಾಗದ ಎಂದರೆ ಭೂ ಕಚೇರಿ ಕೊಡುವ ಸರ್ಟಿಫಿಕಾತ್. ಕ್ರಯಪತ್ರ ಪಿಪಿಎಟಿ ಎಂಬ ಅಧಿಕೃತ ಪತ್ರಗಾರರ ಮುಂದೆ ಆಗಬೇಕು. ಕೊಳ್ಳುವವರಿಗೆ ತೆರಿಗೆ ಮಿತಿಗೆ ಮೇಲ್ಪಟ್ಟ ಮೊತ್ತದ ಮೇಲೆ ಶೇ 5ರವರೆಗೆ, ಮಾರುವವರಿಗೆ ಶೇ 2.5.

ಯೋಗ್ಯಕರ್ತ ಪ್ರಾಂತ್ಯದಲ್ಲಿ ಇನ್ನೂ ಒಂದು ಹೆಜ್ಜೆ ಜಾಸ್ತಿ. ಅಲ್ಲಿ ಅರಮನೆಯ ಜಮೀನು ಇದೆ, ಸುಲ್ತಾನ್ ಗ್ರೌಂಡ್ ಎನ್ನುತ್ತಾರೆ. 2012ರ ಕಾನೂನು ಅದನ್ನು ಮಾನ್ಯ ಮಾಡಿದೆ. ಹಳ್ಳಿಯ ಸಾಮೂಹಿಕ ಜಮೀನೂ ಇದೆ. 2023ರಲ್ಲಿ ಸ್ಲೆಮನ್‌ನಲ್ಲಿ ಅನುಮತಿಯಿಲ್ಲದೆ ಇಂಥ ಜಮೀನಿನ ಮೇಲೆ ಎದ್ದ ಮನೆಗಳಿಗೆ ಬೀಗ ಬಿತ್ತು. ದುಡ್ಡು ಕೊಟ್ಟವರು ಹೊರಗೆ ನಿಂತರು. ಜೊತೆಗೆ, ಭತ್ತದ ಗದ್ದೆಯನ್ನು ಕಾಪಾಡುವ 2009ರ ಕಾಯ್ದೆ ಇದೆ. ಗದ್ದೆ ಕೊಂಡು ಮನೆ ಕಟ್ಟುತ್ತೇನೆ ಅನ್ನುವುದು ಹಾಗೆಲ್ಲ ಆಗುವ ಮಾತಲ್ಲ. ಆಗಬಾರದು ಕೂಡ. ಎರಡು ಗದ್ದೆ ತುಂಬಿದರೆ ಮೂರನೆಯದಕ್ಕೆ ನೀರು ಹೋಗುವ ದಾರಿ ಕಟ್ಟಾಗುತ್ತದೆ.

ನನ್ನ ಅಭಿಪ್ರಾಯ ಸ್ಪಷ್ಟ. ಇಲ್ಲಿ ಮದುವೆ ಸಂಬಂಧ ಇಲ್ಲದವರು ಬಾಡಿಗೆಗೇ ಇರಿ. ಸಂಬಂಧ ಇರುವವರೂ ಒಂದು ಮಳೆಗಾಲ, ಒಂದು ಬೇಸಿಗೆ ಆ ಊರಲ್ಲೇ ಬಾಡಿಗೆಗೆ ಇದ್ದು ಆಮೇಲೆ ಕೈ ಹಾಕಿ.

ಇಟ್ಟಿಗೆ ಮನೆಯೋ, ಮರದ ಮನೆಯೋ

ಜೊಗ್ಲೊ, ಲಿಮಾಸನ್ ಎಂಬ ಹಳೆಯ ಮರದ ಮನೆಗಳು ನೋಡಲು ಬಹಳ ಚೆಂದ. ಕಂಬ, ತೊಲೆ ಎಲ್ಲ ಬಿಚ್ಚಿ ಬೇರೆ ಕಡೆ ನಿಲ್ಲಿಸಬಹುದು. ಒಳಗೆ ತಂಪು. ಗೆದ್ದಲು ಮತ್ತು ಮಳೆ ಸೋರುವುದು ಅದರ ತಲೆನೋವು. ಇಟ್ಟಿಗೆ ಮನೆ ಸುಲಭ, ಆದರೆ 2006ರ ಮೇ 27ರ ಬೆಳಗಿನ ಭೂಕಂಪವನ್ನು ಬಂತುಲ್, ಕ್ಲಾತೆನ್ ಜನ ಮರೆತಿಲ್ಲ. 5,700ಕ್ಕಿಂತ ಹೆಚ್ಚು ಜನ ಸತ್ತರು. ಕಾಂಕ್ರೀಟ್ ಕಂಬವಿಲ್ಲದ ಇಟ್ಟಿಗೆ ಗೋಡೆಗಳು ಒಂದು ನಿಮಿಷದೊಳಗೆ ನೆಲಕ್ಕೆ ಬಂದವು. ಇಟ್ಟಿಗೆ ಮನೆ ಹಿಡಿಯುವುದಾದರೆ 2006ರ ನಂತರ ಕಟ್ಟಿದ್ದೇ, ಮೂಲೆಗಳಲ್ಲಿ ಕಬ್ಬಿಣ ಹಾಕಿದ ಕಂಬ ಇದೆಯೇ ಎಂದು ಕೇಳಿ. ಮಲಗುವ ಕೋಣೆಯಿಂದ ಹೊರಗೆ ಹೋಗುವ ಬಾಗಿಲು ಹತ್ತಿರವಿರಲಿ.

ನೆರೆಹೊರೆ ಕೇಳುವುದೇನು

ಹಳ್ಳಿಯ ಬಾಗಿಲಲ್ಲೇ ಒಂದು ಫಲಕ ಕಾಣುತ್ತದೆ. ಬಂದ ಅತಿಥಿ 24 ಗಂಟೆಯೊಳಗೆ ವರದಿ ಮಾಡಿಕೊಳ್ಳಬೇಕು ಎಂದು. ಯಾರಿಗೆ? ಆರ್‌ಟಿ ಮುಖ್ಯಸ್ಥರಿಗೆ. ಆರ್‌ಟಿ ಎಂದರೆ ಹತ್ತಾರು ಮನೆಗಳ ಒಂದು ಕೇರಿ. ಅದರ ಮುಖ್ಯಸ್ಥರು ಶಿಕ್ಷಕರೋ, ರೈತರೋ, ಅಂಗಡಿಯವರೋ ಆಗಿರುತ್ತಾರೆ. ಹೋಂಸ್ಟೇಯಲ್ಲಿ ಮನೆಯವರೇ ಹೇಳುತ್ತಾರೆ. ಬಾಡಿಗೆಗೆ ಬಂದರೆ ನೀವೇ ಹೋಗಬೇಕು. ಪಾಸ್‌ಪೋರ್ಟ್ ಪ್ರತಿ, ಜೊತೆಗೆ ಒಂದಿಷ್ಟು ಹಣ್ಣು ಅಥವಾ ಸಕ್ಕರೆ, ಚಹಾಪುಡಿ. ಸಂಜೆ ಮಗ್ರಿಬ್ ಪ್ರಾರ್ಥನೆ ಮುಗಿದ ಮೇಲೆ ಹೋಗುವುದು ಒಳ್ಳೆಯದು. ಗಂಡಸರನ್ನು ಪಾಕ್, ಹೆಂಗಸರನ್ನು ಬು, ವಯಸ್ಸಾದವರನ್ನು ಎಂಬಾಹ್ ಎಂದು ಕರೆಯಿರಿ. ಎದುರಿನಿಂದ ಹಾದು ಹೋಗುವಾಗ ತುಸು ಬಾಗಿ "ನುವುನ್ ಸೆವು" ಅನ್ನಬೇಕು, ಕ್ಷಮಿಸಿ ಎಂದು ಅರ್ಥ. ಜಾವಾ ಭಾಷೆಯಲ್ಲಿ ಹಿರಿಯರ ಜೊತೆ ಆಡುವ ಮಾತೇ ಬೇರೆ, ಅದಕ್ಕೆ ಕ್ರಾಮ ಎನ್ನುತ್ತಾರೆ. ನಮ್ಮಲ್ಲಿ ನೀನು, ನೀವು ಅಷ್ಟೇ ಬದಲಾಗುತ್ತದೆ. ಅಲ್ಲಿ ತಿನ್ನು, ಹೋಗು, ಮಲಗು ಎಂಬ ಪದಗಳೇ ಬದಲಾಗುತ್ತವೆ. ಹತ್ತು ಪದ ಕಲಿತರೂ ಅವರ ಮುಖ ಅರಳುತ್ತದೆ.

ಆಮೇಲೆ ಬರುತ್ತದೆ ಊರಿನ ಕೆಲಸ. ಕೆರ್ಜಾ ಬಕ್ತಿ ಎಂದರೆ ಎಲ್ಲರೂ ಸೇರಿ ಚರಂಡಿ, ರಸ್ತೆ ಶುಚಿ ಮಾಡುವುದು, ಹೆಚ್ಚಾಗಿ ಭಾನುವಾರ. ರೊಂದಾ ಎಂದರೆ ಗಂಡಸರು ಸರದಿಯಂತೆ ರಾತ್ರಿ ಕಾವಲು. ಕಾವಲಿನವರು ಮನೆ ಮನೆಯ ಮುಂದೆ ಚಿಕ್ಕ ಡಬ್ಬಿಯಲ್ಲಿಟ್ಟ ಒಂದು ಹಿಡಿ ಅಕ್ಕಿಯನ್ನೋ ಚಿಲ್ಲರೆಯನ್ನೋ ತೆಗೆದುಕೊಂಡು ಊರಿನ ನಿಧಿಗೆ ಹಾಕುತ್ತಾರೆ. ಅದು ಜಿಂಪಿತಾನ್. ಮದುವೆ ಮನೆಯಲ್ಲಿ ಹೆಂಗಸರು ಅಡುಗೆಗೆ ಸೇರುವುದು ರೆವಾಂಗ್. ಮನೆ ಕಟ್ಟುವಾಗ ನೆರೆಯವರು ಕೂಲಿಯಿಲ್ಲದೆ ಬಂದು ಕೈ ಹಾಕುವುದು ಸಂಬಾತಾನ್, ನಮ್ಮ ಮುಯ್ಯಾಳಿನ ಹಾಗೆ. ಮದುವೆಗೆ ಕೊಡುವ ಕವರ್ ಕೂಡ ನಮ್ಮ ಮುಯ್ಯಿಯೇ, ಯಾರು ಎಷ್ಟು ಕೊಟ್ಟರು ಎಂದು ಬರೆದಿಡುತ್ತಾರೆ. ಹಜ್ ತಿಂಗಳಿನಲ್ಲಿ ಮದುವೆಗಳು ಸಾಲುಸಾಲಾಗಿ ಬರುತ್ತವೆ. ಆ ತಿಂಗಳಿಗೆ ಬಜೆಟ್ ಬೇರೆಯೇ ಇಡಿ.

ಇದೆಲ್ಲ ಬೇಡ, ನನ್ನ ಪಾಡಿಗೆ ನಾನಿರುತ್ತೇನೆ ಅನ್ನುವವರಿಗೆ ಪೇಟೆಯೇ ಸರಿ. ಹಳ್ಳಿಯಲ್ಲಿ ಬಾಗಿಲು ಹಾಕಿಕೊಂಡು ಇರುವವರ ಬಗ್ಗೆ ಜನ ಕೋಪ ಮಾಡಿಕೊಳ್ಳುವುದಿಲ್ಲ. ಬೇಜಾರು ಮಾಡಿಕೊಳ್ಳುತ್ತಾರೆ. ಅದು ಕೋಪಕ್ಕಿಂತ ಕಷ್ಟ. ನಮ್ಮ ಗಂಡ ಮೊದಲ ಬಾರಿ ರೊಂದಾಕ್ಕೆ ಹೋದ ರಾತ್ರಿ ಮಹಾಭಾರತದ ಮಾತು ಬಂತಂತೆ. ಘಟೋತ್ಕಚ ಇಲ್ಲಿಯ ತೊಗಲುಬೊಂಬೆ ಆಟದ ದೊಡ್ಡ ವೀರ. ನಿಮ್ಮ ಊರಲ್ಲೂ ಅವನು ಹಾರುತ್ತಾನಾ ಎಂದು ಕೇಳಿದರಂತೆ. ಬೆಳಗಿನ ಜಾವ ಮೂರು ಗಂಟೆಯವರೆಗೆ ಮಾತು ನಡೆಯಿತು. ಮಾರನೇ ದಿನದಿಂದ ನಮ್ಮನ್ನು ಹೊಸಬರೆಂದು ಯಾರೂ ನೋಡಲಿಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು. ಸೋಯಾದಿಂದ ಮಾಡಿದ ತೆಂಪೆ, ತಾಹು, ಜೊತೆಗೆ ಸೊಪ್ಪು, ಕಡಲೆಕಾಯಿ ಚಟ್ನಿ ಹಾಕಿದ ಪೆಚೆಲ್, ಇವು ಎಲ್ಲ ಕಡೆ ಸಿಗುತ್ತವೆ. ಆದರೆ ಸಾಂಬಲ್ ಎಂಬ ಖಾರದ ಚಟ್ನಿಗೆ ಸೀಗಡಿಯಿಂದ ಮಾಡಿದ ತೆರಾಸಿ ಹಾಕುತ್ತಾರೆ. "ತನ್ಪಾ ತೆರಾಸಿ", ಅಂದರೆ ತೆರಾಸಿ ಇಲ್ಲದೆ, ಎಂಬ ಎರಡು ಪದ ಬಾಯಲ್ಲಿರಲಿ. ಸಂತೆಯಿಂದ ತರಕಾರಿ ತಂದು ಮನೆಯಲ್ಲೇ ಅಡುಗೆ ಮಾಡುವವರಿಗೆ ತೊಂದರೆಯೇ ಇಲ್ಲ. ಎಷ್ಟೋ ಹಳ್ಳಿ ಸಂತೆ ಏಳು ದಿನಕ್ಕಲ್ಲ, ಐದು ದಿನಕ್ಕೊಮ್ಮೆ. ಲೆಗಿ, ಪಾಹಿಂಗ್, ಪೊನ್, ವಾಗೆ, ಕ್ಲಿವೊನ್ ಎಂದು ಐದು ದಿನದ ಜಾವಾ ವಾರ. ನಿಮ್ಮ ಊರ ಸಂತೆ ಯಾವ ದಿನ ಎಂದು ತಿಳಿದುಕೊಳ್ಳಿ.

ಬರುವ ದಾರಿ, ಓಡಾಡುವ ದಾರಿ

ವೀಸಾ ಮೊದಲು. ಭಾರತದ ಪಾಸ್‌ಪೋರ್ಟಿಗೆ ಬಂದಿಳಿದಾಗ ಸಿಗುವ ವೀಸಾ 5,00,000 ರುಪಿಯಾ, 30 ದಿನ. ಒಮ್ಮೆ ಇನ್ನು 30 ದಿನ ಮುಂದುವರಿಸಬಹುದು. ಅವಧಿ ಮೀರಿದರೆ ದಿನಕ್ಕೆ 10,00,000 ರುಪಿಯಾ ದಂಡ. ನಮ್ಮ ಒಂದು ರೂಪಾಯಿಗೆ ಸುಮಾರು 190 ರುಪಿಯಾ ಎಂದು ಲೆಕ್ಕ ಹಾಕಿಕೊಳ್ಳಿ. ಈ ವೀಸಾದಲ್ಲಿ ದುಡಿಯುವ ಹಾಗಿಲ್ಲ, ಗದ್ದೆಯಲ್ಲಿ ದುಡ್ಡು ಮಾಡುವುದೂ ಅದರಲ್ಲೇ ಬಂತು. ವರ್ಷ ಇರುವವರಿಗೆ ಕಿತಾಸ್ ಎಂಬ ವಾಸದ ಪರವಾನಗಿ ಬೇಕು.

ಬೆಂಗಳೂರಿನಿಂದ ಎರಡು ದಾರಿ. ಸಿಂಗಾಪುರ ಅಥವಾ ಕೌಲಾಲಂಪುರದಲ್ಲಿ ವಿಮಾನ ಬದಲಿಸಿ ಯೋಗ್ಯಕರ್ತಕ್ಕೆ. ಅಥವಾ 2024ರಲ್ಲಿ ಶುರುವಾದ ಇಂಡಿಗೋ ನೇರ ವಿಮಾನದಲ್ಲಿ ಬಾಲಿಗೆ, ಅಲ್ಲಿಂದ ಇನ್ನೊಂದು ವಿಮಾನ. ಪುಟ್ಟ ಮಕ್ಕಳು, ವಯಸ್ಸಾದವರು ಇದ್ದರೆ ಮೊದಲ ದಾರಿ. ಬಾಲಿಯಿಂದ ನೆಲದ ಮೇಲೂ ಬರಬಹುದು. ಗಿಲಿಮಾನುಕ್‌ನಿಂದ ದೋಣಿಯಲ್ಲಿ ಜಲಸಂಧಿ ದಾಟಿ, ಕೆತಾಪಾಂಗ್‌ನಲ್ಲಿ ರೈಲು ಹತ್ತಿದರೆ ಇಡೀ ಪೂರ್ವ ಜಾವಾ ಕಿಟಕಿಯಲ್ಲಿ ಹಾದು ಹೋಗುತ್ತದೆ. ಹನ್ನೆರಡು ಗಂಟೆಗೂ ಹೆಚ್ಚಿನ ಪ್ರಯಾಣ. ಸಾಮಾನು ಕಡಿಮೆ ಇರುವವರು ಒಮ್ಮೆಯಾದರೂ ಹೀಗೆ ಬನ್ನಿ.

ಯೋಗ್ಯಕರ್ತದ ಹೊಸ ವಿಮಾನ ನಿಲ್ದಾಣ ಊರಿನಿಂದ ದೂರ, ಕುಲೊನ್ ಪ್ರೊಗೊದಲ್ಲಿ. ಟ್ಯಾಕ್ಸಿಗಿಂತ ನಿಲ್ದಾಣದ ರೈಲು ವಾಸಿ, ಮುಕ್ಕಾಲು ಗಂಟೆಯೊಳಗೆ ಪೇಟೆ ಮುಟ್ಟಿಸುತ್ತದೆ. ಜಕಾರ್ತದ ಕಡೆಯಿಂದ ಬರುವವರಿಗೂ ರೈಲೇ ಒಳ್ಳೆಯದು, ಆರೇಳು ಗಂಟೆ. ವೂಶ್ ಎಂಬ ವೇಗದ ರೈಲು ಬಾಂದುಂಗ್‌ವರೆಗೆ ಮಾತ್ರ, ಈ ಕಡೆ ಬರುವುದಿಲ್ಲ.

ಹಳ್ಳಿ ಆರಿಸುವಾಗ ರೈಲಿನ ನಕ್ಷೆಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ. 2021ರಿಂದ ಯೋಗ್ಯಕರ್ತ ಮತ್ತು ಸೋಲೋ ನಡುವೆ ಕರೆಂಟಿನ ಲೋಕಲ್ ರೈಲು ಓಡುತ್ತಿದೆ. ಎಲ್ಲಿಂದ ಎಲ್ಲಿಗಾದರೂ 8,000 ರುಪಿಯಾ, ನಮ್ಮ ಲೆಕ್ಕದಲ್ಲಿ ನಲವತ್ತು ರೂಪಾಯಿ ಚಿಲ್ಲರೆ. ಪ್ರಂಬಾನನ್, ಕ್ಲಾತೆನ್, ದೆಲಂಗ್ಗು ಎಲ್ಲ ಕಡೆ ನಿಲ್ಲುತ್ತದೆ. ದೆಲಂಗ್ಗು ರೊಜೊಲೆಲೆ ಅಕ್ಕಿಗೆ ಹೆಸರಾದ ಊರು. ಈ ನಿಲ್ದಾಣಗಳಿಂದ ನಾಲ್ಕೈದು ಕಿಲೋಮೀಟರ್ ಒಳಗಿನ ಹಳ್ಳಿಯಾದರೆ ಕೆಲಸಕ್ಕೆ, ಆಸ್ಪತ್ರೆಗೆ, ಮಕ್ಕಳ ಶಾಲೆಗೆ ತಲೆಬಿಸಿ ಇಲ್ಲ. ಗುನುಂಗ್ ಕಿದುಲ್‌ಗೆ ರೈಲಿಲ್ಲ, ಬೆಟ್ಟದ ರಸ್ತೆ. ಇಳಿಜಾರಿನ ಊರುಗಳಿಗೂ ಹಾಗೆಯೇ.

ನಿಲ್ದಾಣದಿಂದ ಮನೆಗೆ ಬೈಕೇ ಗತಿ. ಹಳ್ಳಿ ಬಸ್ಸುಗಳು ಕಡಿಮೆಯಾಗುತ್ತಾ ಬಂದಿವೆ. ಆ್ಯಪ್ ಒತ್ತಿ ಕರೆಯುವ ಗೊಜೆಕ್ ಪೇಟೆಯ ಅಂಚಿನವರೆಗೆ ಸುಲಭ. ಒಳ ಹಳ್ಳಿಯಲ್ಲಿ ಕತ್ತಲಾದ ಮೇಲೆ ನಂಬಬೇಡಿ. ಗಾಡಿ ನಮ್ಮ ಹಾಗೆ ಎಡಕ್ಕೇ ಓಡುತ್ತದೆ. ಆದರೆ ಲೈಸೆನ್ಸ್ ಸರಿಯಿಲ್ಲದೆ ಬೈಕ್ ಹತ್ತಬೇಡಿ. ಬಿದ್ದರೆ ವಿಮೆಯವರು ಮೊದಲು ಕೇಳುವುದೇ ಅದನ್ನು. ಕಾರು ಮಳೆಗಾಲದಲ್ಲಿ, ಮಕ್ಕಳಿದ್ದರೆ ಚೆನ್ನ, ಆದರೆ ಹಳ್ಳಿಯ ಎಷ್ಟೋ ಓಣಿಗಳಲ್ಲಿ ಹೋಗುವುದಿಲ್ಲ.

ಯಾವಾಗ ಬರಬೇಕು ಎಂಬುದು ಕೊನೆಯ ಪ್ರಶ್ನೆ. ಲೆಬಾರನ್, ಅಂದರೆ ರಂಜಾನ್ ಹಬ್ಬದ ವಾರ ಬೇಡ. ಪೇಟೆಯಲ್ಲಿರುವ ಕೋಟಿಗಟ್ಟಲೆ ಜನ ತಮ್ಮ ಹಳ್ಳಿಗೆ ಹೊರಡುತ್ತಾರೆ, ಟಿಕೆಟ್ ಸಿಗುವುದಿಲ್ಲ. ಹಳ್ಳಿಯವರು ಅವರ ಮಕ್ಕಳ ಜೊತೆ ಇರಲಿ. ಮೊಳಕಾಲವರೆಗೆ ಹಸಿರು ನೋಡಬೇಕೆಂದರೆ ಜನವರಿ. ಮನೆ ಹುಡುಕಬೇಕೆಂದರೆ ಸೆಪ್ಟೆಂಬರ್. ಆಗ ನೆಲ ಒಣಗಿ ನಿಂತಿರುತ್ತದೆ, ಫೋಟೋಕ್ಕೆ ಚೆಂದ ಕಾಣುವುದಿಲ್ಲ. ಮನೆಯವರ ಜೊತೆ ಹಿತ್ತಲಿಗೆ ಹೋಗಿ, ಬಾವಿಗೆ ಬಕೆಟ್ ಇಳಿಸಿ, ಹಗ್ಗ ಎಷ್ಟು ಉದ್ದ ಹೋಯಿತು ಅಂತ ನೋಡಿ. ಪಕ್ಕದ ಮನೆಯ ಬಾವಿಯನ್ನೂ ನೋಡಿ. ಅಲ್ಲಿ ಯಾರಾದರೂ "ಮೊಂಗ್ಗೊ, ಪಿನಾರಾಕ್" ಅನ್ನುತ್ತಾರೆ, ಬನ್ನಿ ಕೂತ್ಕೊಳ್ಳಿ ಎಂದು. ಕೂತು ಚಹಾ ಕುಡಿದು ಬನ್ನಿ.